ಲೋಟಧರ್ಮ ಮೀಮಾಂಸೆ

ಪಾರ್ಟಿಯಲ್ಲಿ ಕೆಳಗಿಟ್ಟ ಲೋಟ ಯಾರದು? ನಮ್ಮ ಶಾಸ್ತ್ರಕಾರರು ಏಕೋ ಕೈಹಾಕದೆ ಬಿಟ್ಟ ಪ್ರಶ್ನೆ ಇದು. ಕೈಯಲ್ಲಿರುವಷ್ಟು ಹೊತ್ತು ಲೋಟಕ್ಕೆ ಒಡೆಯನುಂಟು. ಮೇಜಿನ ಮೇಲಿಟ್ಟು ಗೋಡಂಬಿ ತರಲು ಹೋದನೋ, ಅದು ಗೋಮಾಳ. ಲೋಟಶಾಸ್ತ್ರದ ಸಕಲ ವಿಧಿನಿಷೇಧಗಳೂ ಈ ಒಂದು ಅನರ್ಥದಿಂದಲೇ ಹುಟ್ಟಿದವೆಂಬುದು ಪ್ರಸ್ತುತ ಪ್ರಬಂಧದ ಪ್ರತಿಜ್ಞೆ.

ಜಾರ್ಜಿಯಾ ದೇಶದವರು ರೋಗದ ಬೇರನ್ನೇ ಕಿತ್ತರು. ಅವರ ಔತಣದಲ್ಲಿ ವಿಶೇಷ ಸಂದರ್ಭಕ್ಕೆ ವೈನ್ ಬರುವುದು 'ಕಾಂತ್ಸಿ' ಎಂಬ ಕೊಂಬಿನಲ್ಲಿ. ಕೊಂಬಿಗೆ ನಿಲ್ಲಲು ತಳವಿಲ್ಲ, ಆದ್ದರಿಂದ ಬರಿದು ಮಾಡದೆ ಕೆಳಗಿಡುವಂತಿಲ್ಲ. ಒಡೆತನದ ವ್ಯಾಜ್ಯ ಅಲ್ಲಿಗೆ ಇತ್ಯರ್ಥ. ಆಮೇಲೆ ಒಡೆಯ ನಿಲ್ಲುತ್ತಾನೆಯೇ ಎಂಬುದು ಬೇರೆ ಶಾಸ್ತ್ರದ ವಿಷಯ.

ಅಮೆರಿಕದ ಕ್ಯಾನ್ಸಸ್‌ನಲ್ಲಿ ರೈಲು, ಶಾಲೆಗಳಲ್ಲಿ ನೀರಿನ ತೊಟ್ಟಿಯ ಪಕ್ಕ ಊರಿಗೆಲ್ಲ ಒಂದೇ ಲೋಟ ಇರುತ್ತಿತ್ತು. ಕ್ಷಯ ಹರಡುತ್ತದೆಂದು ಆರೋಗ್ಯಾಧಿಕಾರಿ ಸ್ಯಾಮುಯೆಲ್ ಕ್ರಂಬೈನ್ 1909ರಲ್ಲಿ ಅದನ್ನು ನಿಷೇಧಿಸಿದರು. ಕಾಗದದ ಲೋಟಕ್ಕೆ ಶುಕ್ರದೆಸೆ ತಿರುಗಿತು: 'ಹೆಲ್ತ್ ಕಪ್' ಎಂಬ ಪಥ್ಯದ ಹೆಸರಿನಲ್ಲಿ ಮಾರುತ್ತಿದ್ದದ್ದು 1919ರಲ್ಲಿ 'ಡಿಕ್ಸಿ ಕಪ್' ಆಯಿತು. ರೋಗ ತಪ್ಪಿತು, ಗುರುತು ಮಾತ್ರ ಸಿಗಲಿಲ್ಲ. ಕಾಗದದ ಲೋಟಗಳೆಲ್ಲ ಅವಳಿಜವಳಿ.

ಕನ್ನಡನಾಡಿನ ಸಿದ್ಧಾಂತ ಇದಕ್ಕಿಂತ ಸೂಕ್ಷ್ಮ: ಕಚ್ಚಿ ಕುಡಿಯಬೇಡ, ಎತ್ತಿ ಕುಡಿ. ತುಟಿ ತಾಗದಿದ್ದರೆ ಎಂಜಲಿಲ್ಲ. ಎಂಜಲೇ ಇಲ್ಲವೆಂದ ಮೇಲೆ ಯಾರ ಲೋಟವಾದರೇನು? ಅಭ್ಯಾಸವಿಲ್ಲದವನು ಎತ್ತಿದರೆ ನೀರು ಕುಡಿಯುವುದು ಅವನ ಅಂಗಿ ಎಂಬ ಪೂರ್ವಪಕ್ಷವುಂಟು. ಆದರೆ ದೋಷ ಲೋಟದ್ದಲ್ಲ. ಸ್ಟೀಲ್ ಲೋಟದ ಕಂಠ ಹೊರಕ್ಕೆ ಬಾಗಿರುವುದರಿಂದ ಧಾರೆ ನೆಟ್ಟಗೆ ಬೀಳುತ್ತದೆ. ವೈನ್ ಗ್ಲಾಸಿನ ಬಾಯಿಯಾದರೋ ಪರಿಮಳ ಹಿಡಿದಿಡಲೆಂದು ಒಳಕ್ಕೆ ಬಾಗಿದೆ. ಅದನ್ನು ಎತ್ತಿ ಕುಡಿಯ ಹೊರಟ ಸಂಪ್ರದಾಯಸ್ಥನಿಗೆ ಮೂಗಿಗೇ ಅಭಿಷೇಕ.

ಹಿಡಿಯುವ ಕ್ರಮದಲ್ಲೂ ಭೇದವಿದೆ, ಆದರೆ ಅದರಿಂದ ಒಡೆಯನ ಗುರುತು ಸಿಗದು. ವೈನ್ ಗ್ಲಾಸನ್ನು ಕಾಲಿನಲ್ಲಿ ಹಿಡಿಯಬೇಕು, ಕೈಯ ಬಿಸಿ ವೈನಿಗೆ ತಾಗಬಾರದೆಂದು. ಕಾಫಿ ಲೋಟವನ್ನು ಕಂಠದಲ್ಲಿ ಹಿಡಿಯಬೇಕು, ಕಾಫಿಯ ಬಿಸಿ ಕೈಗೆ ತಾಗಬಾರದೆಂದು. ಅಲ್ಲಿ ಪಾನೀಯರಕ್ಷಣೆ, ಇಲ್ಲಿ ಪಾಣಿರಕ್ಷಣೆ.

ಲೋಟದ ಮೇಲೆ ಹೆಸರು ಕೊರೆಸುವ ನಮ್ಮ ಪದ್ಧತಿಯಿಂದಲೂ ಪ್ರಯೋಜನ ಕಾಣದು. ಅಲ್ಲಿರುವುದು ಮನೆಯ ಯಜಮಾನರ ಹೆಸರು, ಇಲ್ಲವೇ ಗೃಹಪ್ರವೇಶಕ್ಕೆ ಅದನ್ನು ಉಡುಗೊರೆ ಕೊಟ್ಟವರದು. ಕುಡಿಯುವವನ ಹೆಸರು ಇದ್ದುದನ್ನು ಕಂಡವರಿಲ್ಲ.

ಇನ್ನು ಸ್ಟಾರ್ ಹೋಟೆಲಿನ ದುಂಡುಮೇಜು. ಬಲಗಡೆಯ ಲೋಟ ನಮ್ಮದೆಂಬುದು ಅಲ್ಲಿನ ಸೂತ್ರ. ಹತ್ತು ಜನರಲ್ಲಿ ಒಬ್ಬ ತಿಳಿಯದೆ ಎಡಗಡೆಯದನ್ನು ಎತ್ತಿದನೆನ್ನಿ. ಉಳಿದವರೂ ಅವನಂತೆಯೇ ಅಜ್ಞಾನಿಗಳಾದರೆ ಎಲ್ಲರಿಗೂ ಒಂದೊಂದು ಸಿಕ್ಕಿ ಸುಖಾಂತ. ಉಳಿದವರಿಗೆ ಸೂತ್ರ ಗೊತ್ತಿದ್ದರೆ ಮಾತ್ರ ಕೇಡು: ಅವನ ಎಡಕ್ಕೆ ಕೂತ ಪಂಡಿತ ಬಾಯಾರಿ ಕೂರುತ್ತಾನೆ, ಅವನ ಬಲಕ್ಕೆ ಒಂದು ಲೋಟ ಅನಾಥವಾಗಿ ನಿಲ್ಲುತ್ತದೆ. ಆದಕಾರಣ ಮುಂದಿನ ಆರತಕ್ಷತೆಯಲ್ಲಿ ಓದುಗರು ಕೂತ ತಕ್ಷಣ ಬಲಗಡೆಯ ಲೋಟದಿಂದ ಒಂದು ಗುಟುಕು ಕಚ್ಚಿಯೇ ಕುಡಿದು ಬಿಡತಕ್ಕದ್ದು. ಎಂಜಲಿಗಿಂತ ಗಟ್ಟಿಯಾದ ಹಕ್ಕುಪತ್ರವಿಲ್ಲ.