ಶೇಷವರ್ಣ ಮೀಮಾಂಸೆ ಅರ್ಥಾತ್ ಒರೆಸುವ ಶಾಸ್ತ್ರ

ಟರ್ಪೆಂಟೈನ್ ಡಬ್ಬಿಗೆ ವಂದಿಸಿ ಈ ಗ್ರಂಥವನ್ನು ಆರಂಭಿಸುತ್ತೇನೆ. ಶಾಸ್ತ್ರವೆಂದ ಮೇಲೆ ಅನುಬಂಧ ಚತುಷ್ಟಯ ಹೇಳದೆ ಒಳಗೆ ಕಾಲಿಡುವಂತಿಲ್ಲ. ವಿಷಯ: ಲೇಸರ್ ಯಂತ್ರ ಅಕ್ರಿಲಿಕ್ ಶೀಟಿನಲ್ಲಿ ಕೊರೆದ ಅಕ್ಷರಕ್ಕೆ ಬಣ್ಣ ತುಂಬಿ, ಅಕ್ಷರದಾಚೆ ನಿಂತ ಬಣ್ಣವನ್ನು ತೆಗೆಯುವುದು. ಪ್ರಯೋಜನ: ಮನೆಬಾಗಿಲಿನ ಹೆಸರು ಅಂಚೆಯವನಿಗೆ ಕಾಣುವುದು, ಸನ್ಮಾನಿತರು ನೆನಪಿನ ಕಾಣಿಕೆಯಲ್ಲಿ ತಮ್ಮ ಹೆಸರನ್ನೇ ಓದುವುದು. ಅಧಿಕಾರಿ: ಉಗುರಿನ ಸಂದಿಯಲ್ಲಿ ಆಗಲೇ ಕಪ್ಪು ಎನಾಮೆಲ್ ಸೇರಿಸಿಕೊಂಡವನು. ಸಂಬಂಧ: ಬಣ್ಣಕ್ಕೂ ತೊಟ್ಟ ಅಂಗಿಗೂ ಇರುವಂಥದ್ದು, ಅದು ನಿತ್ಯ.

ಇತಿಹಾಸವಿಲ್ಲದ ಪ್ರಬಂಧಕ್ಕೆ ಪಿಎಚ್.ಡಿ. ಸಿಗುವುದಿಲ್ಲವಾದ್ದರಿಂದ ಅದನ್ನೂ ಒಂದಿಷ್ಟು ಹೇಳಿಬಿಡುತ್ತೇನೆ. ಸುಮಾರು ಕ್ರಿ.ಶ. 450ರ ಹಲ್ಮಿಡಿ ಶಾಸನದಲ್ಲಿ 16 ಸಾಲುಗಳಿವೆ. ಇಂಥ ಕಲ್ಲುಗಳನ್ನು ಓದಲು ಶಾಸನತಜ್ಞರು ಒದ್ದೆ ಕಾಗದವನ್ನು ಕಲ್ಲಿಗೆ ಬಡಿದು ಕೂರಿಸಿ, ಮೇಲೆ ಮಸಿಯೊತ್ತಿ ಪಡಿಯಚ್ಚು ತೆಗೆಯುತ್ತಾರೆ. ತಗ್ಗಿನ ಅಕ್ಷರ ಬೆಳ್ಳಗೆ, ಸುತ್ತಲ ಬಯಲು ಕಪ್ಪಗೆ. ಅಕ್ರಿಲಿಕ್ ಪಂಥದಲ್ಲಿ ಇದರ ತದ್ವಿರುದ್ಧ: ಅಕ್ಷರ ಕಪ್ಪಗೆ, ಬಯಲು ಶುಭ್ರ. ಒರೆಸಲು ಬಾರದವನ ಕೈಗೆ ಸಿಕ್ಕಾಗ ಅಕ್ಷರವೂ ಕಪ್ಪು, ಬಯಲೂ ಕಪ್ಪು. ಇದನ್ನು ಎರಡು ಪರಂಪರೆಗಳ ಸಮನ್ವಯವೆಂದು ವಿದ್ವಾಂಸರು ಗೌರವಿಸಬಹುದು. ದುಡ್ಡು ಕೊಡಬೇಕಾದ ಗಿರಾಕಿ ಗೌರವಿಸುವುದಿಲ್ಲ.

ಬೀದರಿನ ಬಿದ್ರಿ ಕುಶಲಕರ್ಮಿಗಳಿಗೆ ಈ ತಾಪತ್ರಯವೇ ಇಲ್ಲ. ಸತು ತಾಮ್ರದ ಮಿಶ್ರಲೋಹದಲ್ಲಿ ಕೊರೆದು ಬೆಳ್ಳಿ ಕೂರಿಸುತ್ತಾರೆ. ಕೋಟೆಯ ಮಣ್ಣು, ನವಸಾಗರ ಕಲಸಿದ ದ್ರಾವಣ ತಾಗಿದರೆ ಲೋಹ ಕಪ್ಪಾಗುತ್ತದೆ, ಬೆಳ್ಳಿ ಬೆಳ್ಳಿಯಾಗಿಯೇ ಉಳಿಯುತ್ತದೆ. ಎಲ್ಲಿ ಕಪ್ಪಾಗಿಸಬೇಕು, ಎಲ್ಲಿ ಸುಮ್ಮನಿರಬೇಕು ಎಂಬ ವಿವೇಕ ಆ ಮಣ್ಣಿಗೆ ಇದೆ. ಎನಾಮೆಲ್‌ಗೆ ಇಲ್ಲ.

ಇನ್ನು ಆಧುನಿಕ ಯುಗ. ಜರ್ಮನಿಯ ಓಟೊ ರೋಮ್ 1933ರಲ್ಲಿ ಪ್ಲೆಕ್ಸಿಗ್ಲಾಸ್ ಎಂಬ ಹೆಸರಿನಲ್ಲಿ ಈ ಪಾರದರ್ಶಕ ಹಾಳೆಯನ್ನು ಮಾರುಕಟ್ಟೆಗೆ ತಂದರು. ಮಹಾರಾಷ್ಟ್ರದ ಬಾರಾಮತಿಯಲ್ಲಿ ಹುಟ್ಟಿದ ಕುಮಾರ್ ಪಟೇಲ್ 1964ರಲ್ಲಿ ಅಮೆರಿಕದ ಬೆಲ್ ಲ್ಯಾಬ್ಸ್‌ನಲ್ಲಿ ಕಾರ್ಬನ್ ಡೈಆಕ್ಸೈಡ್ ಲೇಸರ್ ಕಂಡುಹಿಡಿದರು. ಅದರ ಕಿರಣದ ಅಲೆಯುದ್ದ 10.6 ಮೈಕ್ರೊಮೀಟರ್. ನಮ್ಮ ಕಣ್ಣಿಗೆ ಇದ್ದೂ ಇಲ್ಲದಂತಿರುವ ಅಕ್ರಿಲಿಕ್ ಆ ಕಿರಣಕ್ಕೆ ಮಾತ್ರ ಅಡ್ಡಗೋಡೆ. ಕಿರಣವನ್ನೆಲ್ಲ ಹೀರಿ, ಬಿಸಿಯಾಗಿ, ತಾಗಿದಲ್ಲೇ ಆವಿಯಾಗಿಬಿಡುತ್ತದೆ. ಹೀಗೆ ಜರ್ಮನಿ, ಬಾರಾಮತಿ, ಅಮೆರಿಕ ಮೂರೂ ಸೇರಿ ಅಕ್ಷರ ಕೊರೆದವು. ಒರೆಸುವ ಬಟ್ಟೆಯನ್ನು ಯಾರು ಕಂಡುಹಿಡಿದರು? ಜ್ಞಾನಚರಿತ್ರೆ ಮೌನ ತಾಳಿದೆ.

ಈ ಮೌನವನ್ನು ಮುರಿದವನು ನಮ್ಮ ಪಕ್ಕದ ಬೀದಿಯ ನಾಮಫಲಕದ ಅಂಗಡಿಯ ಹುಡುಗ. ಇನ್ನು ಮುಂದೆ ಈ ಗ್ರಂಥದಲ್ಲಿ ಅವನು ಆಚಾರ್ಯ. ಅವನ ಮೊದಲ ಸೂತ್ರ: “ಸಾರ್, ಮೊದ್ಲು ಕಾಸ್ಟ್ ಯಾವ್ದು ಹೇಳಿ.” ಸಿಟ್ಟಾಗಬಾರದು, ಅವನು ಕೇಳಿದ್ದು ಶೀಟಿನದು. ಅಚ್ಚಿನಲ್ಲಿ ಎರಕ ಹೊಯ್ದದ್ದು ಕಾಸ್ಟ್ ಶೀಟು. ಅದರಲ್ಲಿ ಕೊರೆದರೆ ಬಿಳಿ ಮಂಜಿನಂಥ ಒರಟು ತಗ್ಗು ಮೂಡುತ್ತದೆ, ಬಣ್ಣ ಕಚ್ಚಿಕೊಳ್ಳುತ್ತದೆ. ಯಂತ್ರದಿಂದ ಒತ್ತಿ ಹೊರತೆಗೆದ ಎಕ್ಸ್‌ಟ್ರೂಡೆಡ್ ಶೀಟು ಅಗ್ಗ. ಲೇಸರ್ ತಾಗಿದರೆ ಕರಗಿ ನುಣುಪಾಗುತ್ತದೆ, ಬಣ್ಣಕ್ಕೆ ಕಾಲೂರಲು ಜಾಗವಿರುವುದಿಲ್ಲ.

ಈಗ ದರ್ಶನಗಳ ವಿಚಾರ. ಅಸಿಟೋನ್ ಶುದ್ಧ ಅದ್ವೈತಿ. ಬಣ್ಣ ಬೇರೆ, ಫಲಕ ಬೇರೆ ಎಂಬ ಭೇದವನ್ನೇ ಅದು ಒಪ್ಪುವುದಿಲ್ಲ; ಎರಡನ್ನೂ ಕರಗಿಸಿ ಒಂದೇ ಅಂಟಾಗಿಸುತ್ತದೆ. ಮನೆಯಾಕೆಯ ನೇಲ್ ಪಾಲಿಶ್ ರಿಮೂವರ್‌ನಿಂದ ಒರೆಸಹೊರಟವರು ಈ ಸತ್ಯವನ್ನು ಸಾಕ್ಷಾತ್ಕರಿಸಿಕೊಂಡಿದ್ದಾರೆ. ಎನ್.ಸಿ. ಥಿನ್ನರ್ ಅದೇ ಗುರುವಿನ ಶಿಷ್ಯ. ಮಿನರಲ್ ಟರ್ಪೆಂಟೈನ್ ಮಾತ್ರ ಕಟ್ಟಾ ದ್ವೈತಿ: ಒಣಗದ ಎನಾಮೆಲನ್ನು ಕರಗಿಸುತ್ತದೆ, ಅಕ್ರಿಲಿಕ್ಕನ್ನು ಮುಟ್ಟುವುದಿಲ್ಲ. ಸ್ಪಿರಿಟ್ಟಿನ ನಿಲುವು ಅನುಮಾನಾಸ್ಪದ. ಮೇಲ್ನೋಟಕ್ಕೆ ಸಾಧು, ಆದರೆ ಲೇಸರ್ ಕತ್ತರಿಸಿದ ಅಂಚಿನಲ್ಲಿ ಬಿಸಿಯಿಂದ ಉಳಿದ ಬಿಗುವು ಇರುತ್ತದಲ್ಲ, ಅಲ್ಲಿಗೆ ನುಸುಳಿ ಕೂದಲೆಳೆಯಂಥ ಬಿರುಕುಗಳನ್ನು ಎಬ್ಬಿಸುತ್ತದೆ. ಶೀಟನ್ನು ಸುಮಾರು 80 ಡಿಗ್ರಿಯಲ್ಲಿ ಕೆಲವು ಗಂಟೆ ಕಾಯಿಸಿ ನಿಧಾನ ಆರಿಸಿದರೆ ಆ ಬಿಗುವು ಸಡಿಲುತ್ತದೆ. ನಾಳೆ ಬೆಳಗ್ಗೆ ಸನ್ಮಾನ ಇಟ್ಟುಕೊಂಡು ಇವತ್ತು ಸಂಜೆ ಆರ್ಡರ್ ಕೊಡುವ ಸಮಿತಿಗಳ ನಾಡಿನಲ್ಲಿ ಆ ವಿಧಿ ಪುಸ್ತಕದಲ್ಲೇ ಇರಲಿ.

ಒರೆಸುವ ಕಾಲ ಯಾವುದು? ಹಸಿಯಾಗಿ ಒರೆಸಿದರೆ ತಗ್ಗಿನ ಬಣ್ಣವೂ ಎದ್ದು ಬರುತ್ತದೆ. ಪೂರ್ತಿ ಒಣಗಿದ ಮೇಲೆ ಒರೆಸಿದರೆ ಫಲಕ ಗೀಚುತ್ತದೆ, ಬಣ್ಣ ನಗುತ್ತದೆ. ಎಳೆಪಾಕ ಹಿಡಿಯುವವರಿಗೆ ಇದನ್ನು ವಿವರಿಸಬೇಕಾಗಿಲ್ಲ: ಆ ಹದ ಬಂದ ಕ್ಷಣ ಹಿಡಿಯಬೇಕು. ಮೇಲೆ ನಿಂತ ದಪ್ಪ ಬಣ್ಣವನ್ನು ಮೊದಲು ಹಳೇ ಎಟಿಎಂ ಕಾರ್ಡಿನ ಅಂಚಿನಿಂದ ಬಳಿದು, ಆಮೇಲೆ ಬಟ್ಟೆ ಹಿಡಿಯಬೇಕು. ಯಾವ ಬಟ್ಟೆ? ಬನಿಯನ್ನೋ ಮಲ್ಲೋ ಎಂದು ನಾನು ಪೂರ್ವಪಕ್ಷ ಹೂಡಿದಾಗ ಆಚಾರ್ಯ ಸಿದ್ಧಾಂತ ಹೇಳಿಬಿಟ್ಟ: “ಬಟ್ಟೆ ಅಲ್ಲ ಸಾರ್ ವಿಷ್ಯ, ಬಟ್ಟೆ ಒಳಗೆ ಏನಿದೆ ಅನ್ನೋದು ವಿಷ್ಯ.” ಬೆರಳಿಗೆ ಸುತ್ತಿದ ಬಟ್ಟೆ ಮೆತ್ತಗಿದ್ದು ಅಕ್ಷರದ ತಗ್ಗಿಗೆ ಇಳಿಯುತ್ತದೆ, ತುಂಬಿದ್ದನ್ನು ಹೊತ್ತು ತರುತ್ತದೆ. ಚಪ್ಪಟೆ ಮರದ ತುಂಡಿಗೆ ಬಿಗಿಯಾಗಿ ಸುತ್ತಿ, ಟರ್ಪೆಂಟೈನ್ ಬರೀ ಸೋಕಿಸಿ ಎಳೆದರೆ ಅದು ಬಯಲಲ್ಲಷ್ಟೇ ನಡೆಯುತ್ತದೆ. ಒಂದು ಸಲ ಎಳೆದ ಬದಿಯಿಂದ ಮತ್ತೆ ಎಳೆಯಬಾರದು. ಎಳೆದರೆ ತೆಗೆದ ಬಣ್ಣವನ್ನೇ ಮರಳಿ ದಾನ ಮಾಡಿದಂತೆ.

ಇಲ್ಲಿಯವರೆಗಿನದು ಸಾಮಾನ್ಯ ಶಾಸ್ತ್ರ. ಕನ್ನಡಕ್ಕೆ ಬಂದರೆ ವಿಶೇಷ ಶಾಸ್ತ್ರವೇ ಬೇಕು. ಗೆರೆಗೆ ಅಡ್ಡಲಾಗಿ ಒರೆಸು, ಗೆರೆಯ ಉದ್ದಕ್ಕೂ ಒರೆಸಬೇಡ ಎಂಬುದು ಈ ಕಸುಬಿನ ಸರ್ವಮಾನ್ಯ ವಿಧಿ. ಇಂಗ್ಲಿಷಿನ ಐ, ಎಲ್, ಟಿಗಳಿಗೆ ಅದು ಸರಿ. ತಾಳೆಗರಿ ಸೀಳಬಾರದೆಂದು ನಮ್ಮ ಅಕ್ಷರಗಳು ದುಂಡಗಾದವು ಎಂಬ ಪ್ರತೀತಿ ಇದೆ. ಗರಿ ಉಳಿಸಿದ ಪೂರ್ವಿಕರು ಒರೆಸುವವನ ಪಾಡನ್ನು ನೆನೆಯಲಿಲ್ಲ. ದುಂಡಗಿನ ಅಕ್ಷರಕ್ಕೆ ಅಡ್ಡ ಯಾವುದು, ಉದ್ದ ಯಾವುದು? ಎತ್ತ ಎಳೆದರೂ ಎಲ್ಲೋ ಒಂದು ಕಡೆ ಗೆರೆಯ ಉದ್ದಕ್ಕೇ ಎಳೆದಂತಾಗುತ್ತದೆ.

ಪರಿಣಾಮ ಘೋರ. ಅಕ್ಷರದಲ್ಲಿ ಅತಿ ಸಣ್ಣ ಗೆರೆ ಮಹಾಪ್ರಾಣದ ಸೀಳು. ಬಟ್ಟೆ ಮೊದಲು ಕಸಿಯುವುದು ಅದನ್ನೇ. ‘ಧನಲಕ್ಷ್ಮಿ ನಿಲಯ’ ಒಂದು ಎಳೆತಕ್ಕೆ ‘ದನಲಕ್ಷ್ಮಿ ನಿಲಯ’ವಾಗುತ್ತದೆ. ಕನ್ನಡ ಬರಹಕ್ಕೆ ಮಹಾಪ್ರಾಣಗಳ ಅಗತ್ಯವಿಲ್ಲ ಎಂದು ಭಾಷಾವಿಜ್ಞಾನಿ ಡಿ.ಎನ್. ಶಂಕರ ಭಟ್ಟರು ಪುಸ್ತಕ ಪುಸ್ತಕಗಳಲ್ಲಿ ವಾದಿಸಿದರು. ಬನಿಯನ್ ಬಟ್ಟೆ ಒಂದು ಪುಟವನ್ನೂ ಬರೆಯದೆ ಅದನ್ನು ಜಾರಿಗೆ ತಂದಿದೆ. ಇದರ ಎದುರು ಬಣವೂ ಉಂಟು. ಒರೆಸುವಾಗ ‘ರ’ದ ಹೊಟ್ಟೆಯಲ್ಲಿ ಒಂದು ಚುಕ್ಕೆ ಬಣ್ಣ ಉಳಿದರೆ ಸಾಕು, ರಾಮಯ್ಯನವರು ಠಾಮಯ್ಯನವರಾಗಿ ಮನೆಯೊಳಗೆ ಹೋಗಲು ಹಿಂಜರಿಯುತ್ತಾರೆ.

ಒರೆಸುವುದೇ ಬೇಡ, ಸುಲಿಯೋಣ ಎನ್ನುವವರ ಪಂಥವೊಂದಿದೆ. ಶೀಟಿನ ಮೇಲೆ ಮಾಸ್ಕಿಂಗ್ ಪೇಪರ್ ಅಂಟಿಸಿಯೇ ಕೊರೆದು, ಬಣ್ಣ ತುಂಬಿ, ಬಣ್ಣ ಗಟ್ಟಿಯಾಗುವ ಮುನ್ನ ಪೇಪರನ್ನು ಎಬ್ಬಿಸುತ್ತಾರೆ. ಹೆಚ್ಚುವರಿ ಬಣ್ಣ ಪೇಪರಿನೊಂದಿಗೇ ಹೋಗುತ್ತದೆ. ಎಷ್ಟು ಸುಲಭ! ಆದರೆ ಸೊನ್ನೆಯ ಒಳಗೆ, ‘ರ’ದ ಒಳಗೆ, ಒತ್ತಕ್ಷರಗಳ ಸಂದಿಯಲ್ಲಿ ಸಾಸಿವೆ ಗಾತ್ರದ ಪೇಪರ್ ಚೂರುಗಳು ಉಳಿದುಬಿಡುತ್ತವೆ. ಒಂದೊಂದನ್ನೂ ಸೂಜಿಯಿಂದ ಎತ್ತಬೇಕು. ಸೊನ್ನೆಯೊಳಗಿನ ಚೂರನ್ನು ಎತ್ತುವ ಈ ಸಾಧನೆಗೆ ಶೂನ್ಯಸಂಪಾದನೆ ಎಂಬ ಹೆಸರು ಆಗಲೇ ಬೇರೆಯವರ ಪಾಲಾಗಿರುವುದು ನಮ್ಮ ದುರದೃಷ್ಟ.

ಕಾನೂನಿನ ತೊಡಕೊಂದು ಬಾಕಿ ಇದೆ. 2024ರ ತಿದ್ದುಪಡಿಯ ಪ್ರಕಾರ ಕರ್ನಾಟಕದ ವಾಣಿಜ್ಯ ನಾಮಫಲಕಗಳಲ್ಲಿ ಶೇ 60ರಷ್ಟು ಕನ್ನಡ ಇರಬೇಕು. ಕನ್ನಡ ಅಕ್ಷರದಿಂದ ಹೊರಚೆಲ್ಲಿದ ಬಣ್ಣವನ್ನು ಕನ್ನಡವೆಂದು ಲೆಕ್ಕ ಹಿಡಿಯಬೇಕೇ? ಹಿಡಿಯುವುದಾದರೆ ಒರೆಸುವುದೇ ಅಪರಾಧವಾಗುತ್ತದೆ. ಆಚಾರ್ಯನ ಮುಂದಿಟ್ಟೆ. “ಅದು ಒರೆಸಿದ ಮೇಲೆ ಅಳೆಯೋದು ಸಾರ್,” ಎಂದು ಅವನು ಬ್ರಷ್ ತೊಳೆಯಲು ಹೋದ.

ಓದುಗರಲ್ಲಿ ಒಂದು ಅರಿಕೆ. ಇಷ್ಟೆಲ್ಲ ಪಾಡುಪಟ್ಟು ಮಾಡಿದ ಫಲಕವನ್ನು ಬಾಗಿಲಿಗೆ ಹಾಕಿದ ಮೇಲೆ, ಹಬ್ಬಕ್ಕೆ ಧೂಳು ಹೊಡೆಯುವಾಗ, ದಯವಿಟ್ಟು ಅದಕ್ಕೆ ಸ್ಯಾನಿಟೈಸರ್ ಹಾಕಬೇಡಿ. ಅದರಲ್ಲಿರುವುದು ಆಲ್ಕೊಹಾಲ್, ಅಂಚೆಲ್ಲ ಬಿರುಕು ಬಿಡುತ್ತದೆ. ಒಣಬಟ್ಟೆಯಿಂದಲೂ ಉಜ್ಜಬೇಡಿ, ಗೀಚುತ್ತದೆ, ಸ್ಥಾಯಿ ವಿದ್ಯುತ್ ಹುಟ್ಟಿ ಇನ್ನಷ್ಟು ಧೂಳನ್ನು ಎಳೆದುಕೊಳ್ಳುತ್ತದೆ. ಸೋಪಿನ ನೀರು, ಮೆತ್ತನೆಯ ಒದ್ದೆ ಬಟ್ಟೆ ಸಾಕು.