ಕರಿಯನ ಜಾಮೀನು

ಸಿರುಗುಪ್ಪದಲ್ಲಿ ನಾಯಿ ಸಾಕಲು ಯಾರನ್ನೂ ಕೇಳಬೇಕಿಲ್ಲ. ರಾತ್ರಿ ಉಳಿದ ರೊಟ್ಟಿ ಹೊರಗೆ ಹಾಕಿದರೆ ಬೆಳಗಾಗುವಷ್ಟರಲ್ಲಿ ನಾಯಿಯೇ ನಿಮ್ಮನ್ನು ದತ್ತು ತೆಗೆದುಕೊಂಡಿರುತ್ತದೆ. ಡಲ್ಲಾಸ್ ಪಕ್ಕದ ನಮ್ಮ ಮನೆಗೆ ನಾಯಿ ತರಲು ಮಾತ್ರ ಪುಟಗಟ್ಟಲೆ ಅರ್ಜಿ.

ನಾವು ಅರ್ಜಿ ಹಾಕಿದ್ದು ನಾಯಿಗಳನ್ನು ಕಾಪಾಡುವ ಒಂದು ರೆಸ್ಕ್ಯೂ ಸಂಸ್ಥೆಗೆ. ಅವರಿಗೆ ಸ್ವಂತ ಕಟ್ಟಡವಿಲ್ಲ. ಯಜಮಾನರು ಬಿಟ್ಟುಹೋದ, ದಾರಿಯಲ್ಲಿ ಸಿಕ್ಕ ನಾಯಿಗಳನ್ನು ಸ್ವಯಂಸೇವಕರು ತಂತಮ್ಮ ಮನೆಯಲ್ಲೇ ಇಟ್ಟುಕೊಂಡು ನೋಡುತ್ತಾರೆ; ಅದಕ್ಕೆ ಫಾಸ್ಟರ್ ಮನೆ ಅಂತ ಹೆಸರು. ನಾಯಿ ಗುಡುಗಿಗೆ ಹೆದರುತ್ತದೆಯೋ, ಬೆಕ್ಕಿನ ಮೇಲೆ ಬೀಳುತ್ತದೆಯೋ, ಸೋಫಾ ಹರಿಯುತ್ತದೆಯೋ, ಎಲ್ಲ ಅವರಿಗೆ ಗೊತ್ತು. ನಾಯಿಯ ಗುಣ ತಿಳಿಯಿತು, ಇನ್ನು ನಮ್ಮದು ತಿಳಿಯಬೇಕಲ್ಲ? ಬೇಲಿ ಎಷ್ಟೆತ್ತರ? ಹಗಲಲ್ಲಿ ಎಷ್ಟು ಹೊತ್ತು ಒಂಟಿ? ಗಂಡಹೆಂಡತಿ ಬೇರೆಯಾದರೆ ನಾಯಿ ಯಾರ ಪಾಲು? ಈ ಕೊನೆಯದಕ್ಕೆ ನನ್ನ ಗಂಡ ಒಂದು ಕ್ಷಣವೂ ಯೋಚಿಸದೆ ನನ್ನ ಹೆಸರು ಬರೆದದ್ದು ಬೇರೆಯೇ ಪುರಾಣ.

"ಅಲ್ಲವಾ, ಭತ್ತಕ್ಕ ಬೆಳೆಸಾಲ ಎತ್ತಿದಾಗ ಸೊಸೈಟಿಯವ್ರು ಪಹಣಿ, ಜಾಮೀನು ಬಿಟ್ರ ಏನೂ ಕೇಳ್ಲಿಲ್ಲ. ಇದು ಸಾಲಕ್ಕಿಂತ ಬಿಗಿ ಐತಿ," ಎಂದರು ಸಿರುಗುಪ್ಪದಿಂದ ಬಂದಿರುವ ಮಾವ.

ಅತ್ತೆಯ ತಕರಾರು ಹೆಸರಿನದು. ನಾವು ಆರಿಸಿದ ನಾಯಿಗೆ ಸಾಕುತ್ತಿದ್ದವರು 'ಬಾಸ್' ಅಂತ ಇಟ್ಟಿದ್ದರು. ಅತ್ತೆಯ ತವರು ಕುರುಗೋಡು. "ದೊಡ್ಡಬಸಪ್ಪಗ ಕೈಮುಗಿದು ಬೆಳದಾಕಿ ನಾನು. ನಾಯಿಗೆ ಬಸ್ಸಾ ಅಂತ ಕರೀಲೇನು?" ಕೊನೆಗೆ ಬರೀ 'ಬಾ' ಎಂದು ಇತ್ಯರ್ಥವಾಯಿತು. ಈಗ ಮಾವನನ್ನು ಊಟಕ್ಕೆ ಕರೆದರೂ ಮೊದಲು ಬಂದು ಕೂರುವುದು ಅದೇ.

ಉಳ್ಳಾಗಡ್ಡಿ, ಬೆಳ್ಳುಳ್ಳಿ, ಒಣದ್ರಾಕ್ಷಿ ನಾಯಿಗೆ ವಿಷವಂತೆ. ಬಳ್ಳಾರಿ ಕೌಲ್ ಬಜಾರಿನಲ್ಲಿ ಮಂಡಕ್ಕಿ ಒಗ್ಗರಣೆ, ಮಿರ್ಚಿ ತಿಂದು ಬೆಳೆದ ನನಗೆ ಇದು ಸಂಕಟ; ಅತ್ತೆಗೆ ಮಾತ್ರ ಸಂತೋಷ. ಶ್ರಾವಣ ಸೋಮವಾರವೂ ಉಳ್ಳಾಗಡ್ಡಿ ಬಿಡದ ಮಗನಿಗಿಂತ ಈ ಟೆಕ್ಸಾಸ್ ನಾಯಿಯೇ ಆಚಾರವಂತ ಅಂತ.

ಇದೆಲ್ಲಕ್ಕೂ ಮುಂಚೆ ಮನೆ ತಪಾಸಣೆ ಆಗಬೇಕಿತ್ತು. ಶನಿವಾರ ಬೆಳಿಗ್ಗೆ ರೆಸ್ಕ್ಯೂ ಕಡೆಯಿಂದ ಬಂದ ಹೆಂಗಸು ಬೇಲಿ ಅಲ್ಲಾಡಿಸಿ ನೋಡಿ, ಮನೆಯವರೆಲ್ಲ ಒಪ್ಪಿದ್ದಾರೆಯೇ ಎಂದು ಒಬ್ಬೊಬ್ಬರನ್ನೇ ಕೇಳಿದಳು. ಮಾವನ ಸರದಿ. ಹಿಂದೆ ನಾಯಿ ಸಾಕಿದ್ದೀರಾ? "ಹ್ಞೂ, ಈಗಲೂ ಐತಿ, ಕರಿಯ." ಎಲ್ಲಿದೆ? "ಸಿರುಗುಪ್ಪದಾಗ." ಅವಳ ಪೆನ್ನು ನಿಂತಿತು. ನಾಯಿಯನ್ನು ಬಿಟ್ಟುಬಂದವರಿಗೆ ಇನ್ನೊಂದು ನಾಯಿ ಕೊಡುವುದು ಹೇಗೆ?

ಕರಿಯನನ್ನೇ ಕರೆಸಿಕೊಳ್ಳೋಣ ಎಂದು ಮಕ್ಕಳು ಹಿಂದೆಯೇ ಹಟ ಹಿಡಿದಿದ್ದರು. ಆದರೆ ಅಮೆರಿಕದ ಪ್ರಕಾರ ಭಾರತ ರೇಬೀಸ್ ಅಪಾಯ ಹೆಚ್ಚಿರುವ ದೇಶ. 2021ರಲ್ಲಿ ಅಲ್ಲಿಂದ ನಾಯಿ ತರುವುದನ್ನೇ ತಡೆದಿದ್ದರು. 2024ರ ಆಗಸ್ಟ್‌ನಿಂದ ಬರಬಹುದು, ಮೈಯೊಳಗೆ ಮೈಕ್ರೋಚಿಪ್, ಕೈಯಲ್ಲಿ ಕಾಗದದ ಕಟ್ಟು ಇದ್ದರೆ. ಕರಿಯನಿಗೆ ಇದ್ದದ್ದು ಬಾಲ ಮಾತ್ರ.

ಮಾವ ಸೋಲಲಿಲ್ಲ. ಸಿರುಗುಪ್ಪದ ಪಕ್ಕದ ಮನೆಯವರಿಗೆ ವಿಡಿಯೊ ಕಾಲ್ ಹಚ್ಚಿದರು. ಅಲ್ಲಿ ರಾತ್ರಿ ಎಂಟೂವರೆ, ಓಣಿಯೆಲ್ಲ ಕಟ್ಟೆಯ ಮೇಲೆ. ನಡುವೆ ಕರಿಯ, ಕಾಲು ಚಾಚಿ. ಒಬ್ಬರು ಕರಿಯ ಅಂದರು, ಇನ್ನೊಬ್ಬರು ರಾಜ, ಕಿರಾಣಿ ಅಂಗಡಿಯವರು ಟೈಗರ್. ಇದರ ಯಜಮಾನ ಯಾರು ಎಂದು ಆಕೆ ಕೇಳಿದ್ದನ್ನು ನಾನು ಕನ್ನಡಕ್ಕೆ ತಿರುಗಿಸಿದೆ.

"ನಮ್ದೇರಿ!" ಅಷ್ಟೂ ಜನ.

ಆಕೆ ನಕ್ಕಳು. ಇಡೀ ಬೀದಿಯೇ ಫಾಸ್ಟರ್ ಮನೆ ಎಂದು ಮೆಚ್ಚಿದಳು. 2023ರ ನಮ್ಮ ಪ್ರಾಣಿ ಜನನ ನಿಯಂತ್ರಣ ನಿಯಮಗಳು ಇಂಥವನ್ನು ಸಮುದಾಯದ ಪ್ರಾಣಿ ಎಂದೇ ಕರೆದಿವೆ ಎಂದು ನಾನೂ ಬೀಗಿದೆ. ಅಷ್ಟರಲ್ಲಿ ಇನ್ನೊಂದು ಪ್ರಶ್ನೆ ಬಂತು: ಲಸಿಕೆ ಹಾಕಿಸಿದವರು ಯಾರು?

ನೆಟ್‌ವರ್ಕ್ ಹೋಯಿತೇನೋ ಎಂದು ಮಾವ ಫೋನು ಅಲ್ಲಾಡಿಸಿದರು. ನೆಟ್‌ವರ್ಕ್ ಚೆನ್ನಾಗಿಯೇ ಇತ್ತು.

ಬಾಸ್ ನಮಗೇ ಸಿಕ್ಕಿತು. ಆಪರೇಷನ್, ಲಸಿಕೆ, ಚಿಪ್ ಎಲ್ಲ ಮುಗಿಸಿಕೊಂಡೇ ಬಂತು. ಸಾಕಲಾಗದಿದ್ದರೆ ಅವರಿಗೇ ಹಿಂದಿರುಗಿಸಬೇಕೆಂಬ ಕರಾರಿಗೆ, ಯಾರೂ ಕೇಳದಿದ್ದರೂ, ಮಾವ ಕನ್ನಡದಲ್ಲಿ ಜಾಮೀನು ಸಹಿ ಹಾಕಿದರು. ಆಮೇಲೆ ಒಳಗೆ ಹೋಗಿ ಸಿರುಗುಪ್ಪಕ್ಕೆ ಫೋನು ಮಾಡಿ, ಕರಿಯನನ್ನು ಪಶು ಆಸ್ಪತ್ರೆಗೆ ಕರೆದೊಯ್ಯಲು ಗದರಿಸಿ ಹೇಳಿದರು.

"ಆತು ಬಿಡ್ರಿ, ಹೋಗ್ತೀವಿ," ಎಂದಿತು ಆ ಕಡೆ. "ಚೀಟಿ ಮ್ಯಾಲ ಏನಂತ ಬರಸೋಣ್ರಿ? ಕರಿಯ ಅಂದ್ರ ಕಿರಾಣಿಯವ್ರು ಒಪ್ಪವಲ್ರು."