ಟೋನಣ್ಣನ ಗಟ್ಟಿಮೇಳ

ಆರ್ಕೆಸ್ಟ್ರಾ ಯಾವ ಊರಿನದಾದರೂ ಅದರಲ್ಲೊಬ್ಬ ಟೋನಣ್ಣ ಇದ್ದೇ ಇರುತ್ತಾನೆ. ಗಣಪತಿ ಪೆಂಡಾಲಿನ ವೇದಿಕೆಯ ಮೂಲೆಯಲ್ಲಿ, ಎರಡಂತಸ್ತಿನ ಸ್ಟ್ಯಾಂಡಿನ ಹಿಂದೆ, ಕೊರಳಿಗೆ ತಾಯತದಂತೆ ಪೆನ್‌ಡ್ರೈವ್ ಕಟ್ಟಿಕೊಂಡು ನಿಂತಿರುವವನೇ ಅವನು. ಹಾಡುವವರು “ಶ್ರುತಿ ಕೊಡಣ್ಣ” ಅಂದರೆ “ತಡೀರಿ, ಟೋನ್ ಲೋಡ್ ಆಗ್ತಿದೆ” ಅನ್ನುತ್ತಾನೆ.

ನಮ್ಮ ಬೀದಿಯ ಟೋನಣ್ಣನ ಬಳಿ ಇರುವ ಕೀಬೋರ್ಡ್ ಯಮಹಾ ಮೋಟಿಫ್ ಎಕ್ಸ್‌ಎಫ್. 2010ರಲ್ಲಿ ಬಂದ ಮಾದರಿ. ಇವನ ಮನೆ ತುಂಬುವ ಹೊತ್ತಿಗೆ ಮೂರು ಆರ್ಕೆಸ್ಟ್ರಾಗಳ ಬಾಳ್ವೆ ಮಾಡಿತ್ತು. ಅದರ ಹೊಟ್ಟೆಯೊಳಗೆ ಹುಟ್ಟಿನಿಂದಲೇ 741 ಎಂಬಿಯಷ್ಟು ನಾದವಿದೆ. “ಇದ್ದೇನು ಬಂತು ಸಾರ್? ನಮ್ಮೂರ ವಾಲಗ ಇಲ್ವಲ್ಲ!”

ರೆಡಿಮೇಡ್ ಟೋನುಗಳಿಗೆ ಅವನಲ್ಲಿ ಬರವಿಲ್ಲ. ಶಹನಾಯಿ-1, ಶಹನಾಯಿ-ನ್ಯೂ, ಶಹನಾಯಿ-ಫೈನಲ್, ಶಹನಾಯಿ-ಫೈನಲ್-ಒರಿಜಿನಲ್ ಎಲ್ಲವೂ ಇವೆ. ನನ್ನ ಕಿವಿಗೆ ನಾಲ್ಕೂ ಒಂದೇ. “ಒಂದೇ ಸಾರ್! ಹೋಟೆಲ್ ಸಾಂಬಾರಿನ ಹಾಗೆ. ಮನೆ ಸಾರು ಬೇಕು ಅಂದ್ರೆ ಮನೇಲೇ ಮಾಡ್ಕೋಬೇಕು” ಎಂದು ಬೈಯುತ್ತಲೇ ಐದನೆಯದನ್ನು ಕಾಪಿ ಮಾಡಿಕೊಳ್ಳುತ್ತಾನೆ.

ಮನೆ ಸಾರಿಗೆ ಪಾತ್ರೆ ಬೇಕಲ್ಲ. ಕೀಬೋರ್ಡಿನಲ್ಲೇ ಇರುವ 128 ಎಂಬಿ ಜಾಗಕ್ಕೆ ಸ್ವಿಚ್ ಆರಿಸಿದೊಡನೆ ಮರೆವು. ಫ್ಲ್ಯಾಶ್ ಬೋರ್ಡ್ ಹಾಕಿಸಿದರೆ ಮಾತ್ರ ತುಂಬಿದ್ದು ಉಳಿಯುತ್ತದೆ. ಎರಡು ಬೋರ್ಡಿಗೆ ಜಾಗವಿದೆ, ಒಟ್ಟು 2 ಜಿಬಿ. ಹೆಂಡತಿ ಫ್ರಿಜ್ಜಿಗೆಂದು ಕೂಡಿಟ್ಟ ದುಡ್ಡಿನಲ್ಲಿ 1 ಜಿಬಿ ಬಂತು.

ವಾಲಗವನ್ನು ರೆಕಾರ್ಡ್ ಮಾಡಿಕೊಳ್ಳುವ ಲೆಕ್ಕ ಹಾಳೆಯ ಮೇಲೆ ಸಿದ್ಧವಿತ್ತು. ಹದಿನೈದು ಸ್ವರ, ಪ್ರತಿಯೊಂದನ್ನೂ ಮೆಲ್ಲಗೆ, ಹದವಾಗಿ, ಜೋರಾಗಿ ಊದಿಸಬೇಕು, ಒಂದೊಂದೂ ಎಂಟು ಸೆಕೆಂಡು. ಒಟ್ಟು ಆರು ನಿಮಿಷ. ಸಿ.ಡಿ. ಗುಣಮಟ್ಟದಲ್ಲಿ, ಒಂದೇ ಮೈಕಿನಲ್ಲಿ ಹಿಡಿದರೆ ಸುಮಾರು 32 ಎಂಬಿ.

ನನ್ನ ಅಕ್ಕನ ಮಗಳ ಮದುವೆಗೆ ಟೋನಣ್ಣ ಮುಯ್ಯಿ ಕವರಿನ ಬದಲು ರೆಕಾರ್ಡರ್ ಹಿಡಿದು ಬಂದ. ತಾಳಿ ಕಟ್ಟಿ ಗಟ್ಟಿಮೇಳ ಮುಗಿದದ್ದೇ ವಾಲಗದ ಹಿರಿಯರ ಮುಂದೆ ಮಂಡಿಯೂರಿದ.

“ಸ್ವಾಮಿ, ಒಂದೊಂದೇ ಸ್ವರ ಊದಿ. ಗಮಕ ಬೇಡ.”

“ಗಮಕ ಇಲ್ದೆ ಊದೋಕೆ ನಾನೇನು ಬಸ್ ಹಾರ್ನಾ?”

“ಅದನ್ನ ನಾನು ಆಮೇಲೆ ಕೀಬೋರ್ಡಿನ ಚಕ್ರ ತಿರುಗಿಸಿ ಹಾಕ್ಕೋತೀನಿ ಸ್ವಾಮಿ.”

ಹಿರಿಯರು ಆ ಚಕ್ರವನ್ನೂ ಅವನನ್ನೂ ಕನಿಕರದಿಂದ ನೆನೆದು, ಒಂದು ‘ಪ’ ಊದಿದರು. ನಿಷ್ಕಲ್ಮಶವಾದ, ಎಂಟು ಸೆಕೆಂಡಿನ ‘ಪ’. ಅಷ್ಟರಲ್ಲೇ ನಮ್ಮ ಚಿಕ್ಕಪ್ಪ ಬಾಗಿಲಲ್ಲಿ ನಿಂತು, “ಊಟಕ್ಕೆ ಏಳೀ!” ಎಂದರು. ಹಿರಿಯರು ಎದ್ದರು. ಎದ್ದವರು ಮತ್ತೆ ಸಿಕ್ಕಲಿಲ್ಲ.

1 ಜಿಬಿ ಬೋರ್ಡಿಗೆ ದಕ್ಕಿದ್ದು 700 ಕೆಬಿ. ಟೋನಣ್ಣ ಎದೆಗುಂದಲಿಲ್ಲ. ಒಂದೇ ‘ಪ’ವನ್ನು ಎಲ್ಲ ಕೀಗಳ ಮೇಲೂ ಹಾಸಿದ. ಕೀ ಒತ್ತಿರುವಷ್ಟು ಹೊತ್ತೂ ನಾದ ಸುತ್ತುತ್ತಿರಲೆಂದು ಲೂಪ್ ಮಾಡಿದ. ಸೇರಿಕೆಯಲ್ಲಿ ‘ಟಕ್’ ಅನ್ನದಂತೆ ಮೂರು ರಾತ್ರಿ ಕೂತು ಪರದೆಯ ಮೇಲಿನ ಅಲೆಗೆ ಅಲೆ ಜೋಡಿಸಿದ. ಅವನು ನಾದವನ್ನು ನೋಡಿ ಕತ್ತರಿಸುವವನು, ಕೇಳಿ ಅಲ್ಲ. ‘ಪ’ದ ಬಾಲಕ್ಕೆ ಚಿಕ್ಕಪ್ಪ ಅಂಟಿಕೊಂಡಿದ್ದು ಪರದೆಯಲ್ಲಿ ಕಾಣಲಿಲ್ಲ.

ಕಂಡದ್ದು ಗಣಪತಿ ಹಬ್ಬದ ರಾತ್ರಿ. ಮದುವೆಯ ಹಾಡಿಗೆ ಟೋನಣ್ಣ ಗಟ್ಟಿಮೇಳವೆಂದು ಕೀ ಒತ್ತಿ ಹಿಡಿದ. ವಾಲಗ ಮೊಳಗಿತು, ಬೆನ್ನಿಗೇ “ಊಟಕ್ಕೆ ಏಳೀ!” ಕೀಬೋರ್ಡಿನ ಧರ್ಮವೇ ಹಾಗೆ: ಒಂದು ಸ್ಥಾಯಿ ಮೇಲೆ ಹೋದರೆ ಅದೇ ಧ್ವನಿ ಎರಡು ಪಟ್ಟು ವೇಗ, ಕೆಳಗಿಳಿದರೆ ಅರ್ಧ. ಮೇಲೆ ಒತ್ತಿದರೆ ಕೂಸಿನ ದನಿಯಲ್ಲಿ ಚಿಕ್ಕಪ್ಪ. ಕೆಳಗೆ ಒತ್ತಿದರೆ ಬಯಲಾಟದ ರಾವಣನ ದನಿಯಲ್ಲಿ. ಕಾರ್ಡ್ ಹಿಡಿದಾಗಲಂತೂ ಇಡೀ ವಂಶವೇ ಊಟಕ್ಕೆ ಕರೆದಂತಾಯಿತು. ಜನ ಎದ್ದು ಪುಳಿಯೋಗರೆ ಸಾಲಿಗೆ ನಿಂತರು.

ಇನ್ನು ಇವನು ತಲೆಯೆತ್ತಲಾರ ಎಂದುಕೊಂಡಿದ್ದೆ. ಮರುದಿನವೇ ಫೋನುಗಳು ಶುರುವಾದವು: “ಅಣ್ಣಾ, ಆ ಊಟದ ಟೋನ್ ಕೊಡಿ.” ಸುತ್ತಲ ತಾಲೂಕುಗಳ ಟೋನಣ್ಣಂದಿರೆಲ್ಲ ಪೆನ್‌ಡ್ರೈವ್ ಹಿಡಿದು ಬಂದರು. ಮನೆ ಸಾರು ಹೋಟೆಲಿನ ಬಕೆಟ್ ಸೇರಿತು. ಹೆಸರು: ಊಟ-ಫೈನಲ್-ಒರಿಜಿನಲ್. ಬಂದ ದುಡ್ಡಿನಲ್ಲಿ ಫ್ರಿಜ್ಜೂ ಬಂತು.

ಮೊನ್ನೆ ತುಮಕೂರಿನಲ್ಲಿ ನೆಂಟರ ಮದುವೆ. ಮುಹೂರ್ತಕ್ಕೆ ಇನ್ನೂ ಅರ್ಧ ಗಂಟೆಯಿತ್ತು. ವೇದಿಕೆಯ ಮೂಲೆಯಿಂದ ಯಾವನೋ ಟೋನಣ್ಣ ಒತ್ತಿದ: “ಊಟಕ್ಕೆ ಏಳೀ!” ಪಕ್ಕದಲ್ಲಿ ತೂಕಡಿಸುತ್ತಿದ್ದ ಚಿಕ್ಕಪ್ಪ ಪಂಚೆ ಕೊಡವಿಕೊಂಡು ಎದ್ದೇಬಿಟ್ಟರು.

“ಏಳೋ, ಯಾರೋ ದೊಡ್ಡ ಮನುಷ್ಯರು ಅಷ್ಟು ಬಾಯ್ತುಂಬ ಕರೀತಿದಾರೆ.”